ಛಹಢಾಲಾ ಕರ್ತೃ ಕವಿವರ ದೌಲತರಾಮರು

ಸಿದ್ಧಾಂತಗ್ರಂಥಗಳ ಗಹನ ತತ್ತ್ವವನ್ನು ಶ್ರಾವಕ-ಶ್ರಾವಿಕೆಯರ ಕಂಠಕ್ಕೆ ಒಪ್ಪುವ ಹಾಡನ್ನಾಗಿಸಿದ ಪುಣ್ಯಪುರುಷರಲ್ಲಿ ಪಂಡಿತ ದೌಲತರಾಮರು ಅಗ್ರಗಣ್ಯರು. ಉತ್ತರ ಭಾರತದ ಜಿನಮಂದಿರಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಇಂದಿಗೂ ಪಠಿಸಲ್ಪಡುತ್ತಿರುವ 'ಛಹಢಾಲಾ' ಅವರ ಅಮರ ಕೃತಿ.

ದೌಲತರಾಮರು ವಿಕ್ರಮ ಸಂವತ್ 1855-56ರ ಸುಮಾರಿಗೆ, ಎಂದರೆ ಕ್ರಿ.ಶ. 18ನೆಯ ಶತಮಾನದ ಕೊನೆಯಲ್ಲಿ, ಹಾಥರಸದ ಸಮೀಪದ ಸಾಸನಿಯಲ್ಲಿ ಪಲ್ಲೀವಾಲ ಜೈನ ಮನೆತನದಲ್ಲಿ ಜನಿಸಿದರು. ಇವರ ತಂದೆಯ ಹೆಸರು ಟೋಡರಮಲ್ಲ. ಜಯಪುರದ ಪ್ರಸಿದ್ಧ ಪಂಡಿತ ಟೋಡರಮಲ್ಲರು ಬೇರೆ. ಪುರಾಣಗಳಿಗೆ ವಚನಿಕೆ ಬರೆದ ದೌಲತರಾಮ ಕಾಸಲೀವಾಲರೂ ಇವರಿಗಿಂತ ಹಿಂದಿನ ಬೇರೊಬ್ಬ ವಿದ್ವಾಂಸರು.

ಬಟ್ಟೆಗೆ ಚೀಟಿನ ಅಚ್ಚು ಹಾಕುವುದು ದೌಲತರಾಮರ ಜೀವನೋಪಾಯವಾಗಿತ್ತು. ಅಚ್ಚೊತ್ತುವಾಗ ಪಕ್ಕದ ಮಣೆಯ ಮೇಲೆ ಗೊಮ್ಮಟಸಾರ, ತ್ರಿಲೋಕಸಾರಗಳನ್ನು ತೆರೆದಿಟ್ಟುಕೊಂಡು, ಕೈ ಕೆಲಸದಲ್ಲಿರುವಂತೆಯೇ ದಿನಕ್ಕೆ ಹತ್ತಾರು ಗಾಥೆಗಳನ್ನು ಕಂಠಪಾಠ ಮಾಡುತ್ತಿದ್ದರೆಂದು ಪ್ರತೀತಿ. ಆ ಎರಡು ಗ್ರಂಥಗಳೂ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳವು. ಗೊಮ್ಮಟಸಾರಕ್ಕೆ 1359ರಲ್ಲಿ ಕೇಶವವರ್ಣಿಯು ಕನ್ನಡದಲ್ಲಿ ವೃತ್ತಿಯನ್ನು ರಚಿಸಿದನು. ಕನ್ನಡನಾಡಿನಲ್ಲಿ ಬೆಳಗಿದ ಶ್ರುತದ ದೀಪವೇ ಶತಮಾನಗಳ ಅನಂತರ ದೂರದ ಒಬ್ಬ ಕಾಯಕಜೀವಿಯ ಮಣೆಯ ಮೇಲೂ ಬೆಳಕು ಚೆಲ್ಲಿತು.

ಸಂವತ್ 1882ರಲ್ಲಿ ಮಥುರೆಯ ಶ್ರೇಷ್ಠಿ ಮನೀರಾಮರು ಹಾಥರಸಕ್ಕೆ ಬಂದಿದ್ದಾಗ, ದೌಲತರಾಮರ ಗೊಮ್ಮಟಸಾರ ಸ್ವಾಧ್ಯಾಯವನ್ನು ಕಂಡು ಮೆಚ್ಚಿ ಅವರನ್ನು ಮಥುರೆಗೆ ಕರೆದೊಯ್ದರೆಂದು ಹೇಳುತ್ತಾರೆ. ಅಲ್ಲಿ ಕೆಲಕಾಲವಿದ್ದು ಅವರು ಮತ್ತೆ ತಮ್ಮ ಊರಿನ ಕಡೆಗೆ ಮರಳಿದರು.

ಆಗಮದ ಪ್ರಾಕೃತ ಗಾಥೆಗಳು ಪಂಡಿತರಿಗೆ ಸುಲಭ. ದಿನವಿಡೀ ದುಡಿಯುವವರಿಗೆ, ಅಕ್ಷರವರಿಯದ ತಾಯಂದಿರಿಗೆ ಅವು ಎಟುಕುವ ಬಗೆ ಹೇಗೆ? ಸಂವತ್ 1891ರ ಅಕ್ಷಯ ತೃತೀಯೆಯಂದು, ಎಂದರೆ ಕ್ರಿ.ಶ. 1834ರಲ್ಲಿ, ಪೂರ್ಣಗೊಂಡ ಛಹಢಾಲಾ ಈ ಪ್ರಶ್ನೆಗೆ ಉತ್ತರವಾಯಿತು. ಢಾಲವೆಂದರೆ ಹಾಡುವ ಧಾಟಿ. ವ್ರಜದ ಸೊಗಸು ಬೆರೆತ ಸರಳ ಹಿಂದಿಯಲ್ಲಿ, ನೂರಕ್ಕೂ ಕಡಿಮೆ ಪದ್ಯಗಳಲ್ಲಿ, ಆರು ಧಾಟಿಗಳಲ್ಲಿ ಮೋಕ್ಷಮಾರ್ಗವೆಲ್ಲವೂ ಅಡಕವಾಗಿದೆ. ಮನೆಮನೆಗೂ ಪರಿಚಿತವಾದ ಚೌಪಾಯಿಯಲ್ಲಿ ನಿಗೋದದಿಂದ ಮೊದಲ್ಗೊಂಡು ಚತುರ್ಗತಿಗಳ ದುಃಖ. ಪದ್ಧರಿಯಲ್ಲಿ ಆ ದುಃಖಕ್ಕೆ ಮೂಲವಾದ ಮಿಥ್ಯಾತ್ವ. ನರೇಂದ್ರ ಛಂದಸ್ಸಿನಲ್ಲಿ ಸಮ್ಯಗ್ದರ್ಶನ. ರೋಲಾದಲ್ಲಿ ಸಮ್ಯಗ್ಜ್ಞಾನ ಮತ್ತು ಶ್ರಾವಕವ್ರತ. ಚಾಲ್ ಛಂದಸ್ಸಿನಲ್ಲಿ ದ್ವಾದಶಾನುಪ್ರೇಕ್ಷೆ. ಕಡೆಗೆ ಹರಿಗೀತೆಯ ದೀರ್ಘ ನಡೆಯಲ್ಲಿ ಮುನಿಧರ್ಮ ಹಾಗೂ ಸ್ವರೂಪಾಚರಣ. ಜೀವನು ಸಂಸಾರದಿಂದ ಸಿದ್ಧಪದದತ್ತ ಏರುವಂತೆ ಹಾಡೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಅಲಂಕಾರದ ಆಡಂಬರವಿಲ್ಲ, ಒಂದೊಂದು ಪಾದವೂ ಒಂದೊಂದು ಸೂತ್ರದಂತಿದೆ. ಹಾಡಿದಷ್ಟೂ ನೆನಪಿನಲ್ಲಿ ನಿಲ್ಲುತ್ತದೆ, ನೆನೆದಷ್ಟೂ ಅರ್ಥ ಬಿಚ್ಚಿಕೊಳ್ಳುತ್ತದೆ.

ಇದಲ್ಲದೆ ರಾಗಗಳಲ್ಲಿ ಹಾಡುವ ಅನೇಕ ಅಧ್ಯಾತ್ಮ ಪದಗಳನ್ನೂ, ಜಿನಬಿಂಬದ ಮುಂದೆ ಭಕ್ತರು ಹಾಡುವ ದೇವಸ್ತುತಿಯನ್ನೂ ಅವರು ರಚಿಸಿದ್ದಾರೆ. ಸಂವತ್ 1923ರ ಮಾರ್ಗಶೀರ್ಷ ಅಮಾವಾಸ್ಯೆಯಂದು, ಕ್ರಿ.ಶ. 1866ರಲ್ಲಿ, ದಿಲ್ಲಿಯಲ್ಲಿ ಅವರು ದೇಹತ್ಯಾಗ ಮಾಡಿದರು. ಅಂತ್ಯವನ್ನು ಕೆಲದಿನ ಮೊದಲೇ ಅರಿತು ಮನೆಯವರಿಂದ ಕ್ಷಮೆ ಬೇಡಿ ಸಮಾಧಿಭಾವದಿಂದಿದ್ದರೆಂದು ಪರಂಪರೆ ನುಡಿಯುತ್ತದೆ.

ಇಷ್ಟು ಕೀರ್ತಿಗೆ ಪಾತ್ರವಾದ ಕೃತಿಯ ಕೊನೆಯಲ್ಲಿ ಕವಿಯು ತನ್ನ ಹಿರಿಮೆಯನ್ನು ಹೇಳಿಕೊಳ್ಳಲಿಲ್ಲ. ತನಗಿಂತ ಮೊದಲು ಇದೇ ಹೆಸರಿನ ಕೃತಿ ರಚಿಸಿದ ಜಯಪುರದ ಬುಧಜನರ ಋಣವನ್ನು ಸ್ಮರಿಸಿದರು. ಅಲ್ಪಮತಿಯಿಂದಲೋ ಪ್ರಮಾದದಿಂದಲೋ ಶಬ್ದಾರ್ಥಗಳಲ್ಲಿ ತಪ್ಪಿದ್ದರೆ ಪ್ರಾಜ್ಞರು ತಿದ್ದಿ ಓದಬೇಕೆಂದು ಬಿನ್ನವಿಸಿದರು. ತಾನು ಹಾಡಿದ ವಿನಯವನ್ನು ತಾನೇ ಆಚರಿಸಿದ ಕವಿಯ ವಾಣಿಯಾದುದರಿಂದಲೇ ಅದು ಇಂದಿಗೂ ಶ್ರಾವಕರ ನಾಲಗೆಯ ಮೇಲೆ ನೆಲಸಿದೆ.