ದೀಪ ಹಿಡಿದವರು ಸಾವಿನ ಲೆಕ್ಕವನ್ನೂ ಕೇಳಿದರು: ಫ್ಲಾರೆನ್ಸ್ ನೈಟಿಂಗೇಲ್ ಬದುಕು

ಮೇ 12 ಬಂತೆಂದರೆ ತಾಲ್ಲೂಕು ಆಸ್ಪತ್ರೆಗಳಲ್ಲೂ ದಾದಿಯರ ದಿನ ಆಚರಿಸ್ತಾರೆ. ಫೋಟೋಗೆ ಹೂವಿನ ಹಾರ, ಕೈಯಲ್ಲಿ ಮೇಣದಬತ್ತಿ, ಪ್ರತಿಜ್ಞೆ. ಆ ಫೋಟೋದಲ್ಲಿರುವವರು ಫ್ಲಾರೆನ್ಸ್ ನೈಟಿಂಗೇಲ್. ರಾತ್ರಿ ದೀಪ ಹಿಡಿದು ಗಾಯಾಳುಗಳನ್ನು ನೋಡಿಕೊಂಡವರು ಅಂತ ಶಾಲೆಯಲ್ಲಿ ಓದಿದ್ದು ಎಲ್ಲರಿಗೂ ನೆನಪಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅಷ್ಟೊಂದು ಜನ ಯಾಕೆ ಸತ್ತರು ಅಂತ ಪಟ್ಟು ಹಿಡಿದು ಸರ್ಕಾರದಿಂದಲೇ ತನಿಖೆ ಮಾಡಿಸಿದವರೂ ಅವರೇ ಅನ್ನೋದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ಶ್ರೀಮಂತರ ಮನೆ ಮಗಳು

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದ್ದರಿಂದ ಊರಿನ ಹೆಸರನ್ನೇ ಇಟ್ಟರು. ಮನೆತನ ಇಂಗ್ಲೆಂಡಿನದು, ಕೈತುಂಬಾ ಆಸ್ತಿ. ತಂದೆಯೇ ಮನೆಯಲ್ಲಿ ಪಾಠ ಹೇಳಿಕೊಟ್ಟರು. ಗಣಿತ ಅಂದರೆ ಮಗಳಿಗೆ ಪಂಚಪ್ರಾಣ. ದಾದಿ ಆಗ್ತೀನಿ ಅಂದಾಗ ಮಾತ್ರ ಮನೆಯವರು ಸುತಾರಾಂ ಒಪ್ಪಲಿಲ್ಲ. ಆ ಕಾಲಕ್ಕೆ ಅದು ಮರ್ಯಾದಸ್ಥರ ಕೆಲಸ ಅಲ್ಲ. ಹಠ ಬಿಡದೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ಗೆ ಹೋಗಿ ತರಬೇತಿ ಪಡೆದರು.

ನೂರಕ್ಕೆ 42 ಸಾವು

1854ರಲ್ಲಿ ಬ್ರಿಟನ್ ರಷ್ಯಾ ವಿರುದ್ಧ ಕ್ರಿಮಿಯಾ ಯುದ್ಧಕ್ಕೆ ಇಳಿಯಿತು. ಗಾಯಗೊಂಡ ಸೈನಿಕರ ಪಾಡು ಟೈಮ್ಸ್ ಪತ್ರಿಕೆಯಲ್ಲಿ ಬಂದಾಗ ಜನ ರೊಚ್ಚಿಗೆದ್ದರು. ಸಚಿವ ಸಿಡ್ನಿ ಹರ್ಬರ್ಟ್ ಕೋರಿಕೆಯಂತೆ ನೈಟಿಂಗೇಲ್ 38 ಮಹಿಳೆಯರ ತಂಡ ಕಟ್ಟಿಕೊಂಡು ನವೆಂಬರ್ 4ರಂದು ಸ್ಕುಟಾರಿ ತಲುಪಿದರು. ಇಸ್ತಾಂಬುಲ್ ನಗರದ ಎದುರು ದಡದ ಊರು ಅದು. ಟರ್ಕಿ ಸೇನೆಯ ದೊಡ್ಡ ಬ್ಯಾರಕ್ ಅನ್ನೇ ಬ್ರಿಟಿಷರು ಆಸ್ಪತ್ರೆ ಮಾಡಿಕೊಂಡಿದ್ದರು.

ಸಾಕಷ್ಟು ಹಾಸಿಗೆ ಇಲ್ಲ, ಅಂಗಿ ಇಲ್ಲ, ಸರಿಯಾದ ಊಟ ಇಲ್ಲ. ಕಟ್ಟಡದ ಕೆಳಗೇ ಕಟ್ಟಿಕೊಂಡ ಚರಂಡಿ. ನೈಟಿಂಗೇಲ್ ಅಡುಗೆಮನೆ ಸರಿಪಡಿಸಿದರು, ಬಟ್ಟೆ ಒಗೆಸುವ ವ್ಯವಸ್ಥೆ ಮಾಡಿದರು, ಹಗಲು ರಾತ್ರಿ ದುಡಿದರು. ಆದರೂ ಸಾವು ಏರುತ್ತಲೇ ಹೋಯಿತು. 1855ರ ಫೆಬ್ರವರಿಯಲ್ಲಿ ಚಿಕಿತ್ಸೆಗೆ ಬಂದ ನೂರು ಮಂದಿಯಲ್ಲಿ 42 ಮಂದಿ ಸತ್ತರು. ಹೆಚ್ಚಿನವರನ್ನು ಕೊಂದಿದ್ದು ಗುಂಡೇಟಲ್ಲ. ಭೇದಿ, ಕಾಲರಾ, ವಿಷಮ ಜ್ವರ.

ಮಾರ್ಚ್‌ನಲ್ಲಿ ಲಂಡನ್‌ನಿಂದ ಸರ್ಕಾರದ ನೈರ್ಮಲ್ಯ ಆಯೋಗ ಬಂತು. ವೈದ್ಯ ಜಾನ್ ಸದರ್ಲೆಂಡ್, ಇಂಜಿನಿಯರ್ ರಾಬರ್ಟ್ ರಾಲಿನ್ಸನ್ ಅದರಲ್ಲಿದ್ದರು. ಚರಂಡಿ ತೊಳೆಸಿದರು, ನೀರಿನ ಕಾಲುವೆಯಲ್ಲಿದ್ದ ಸತ್ತ ಕುದುರೆಯನ್ನು ತೆಗೆಸಿದರು, ಗಾಳಿ ಆಡುವಂತೆ ಮಾಡಿದರು, ಗೋಡೆಗೆ ಸುಣ್ಣ ಬಳಿಸಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡಕ್ಕೆ ಇಳಿಯಿತು.

ಲೆಕ್ಕ ಹೇಳಿದ ಕಹಿ ಸತ್ಯ

1856ರಲ್ಲಿ ಊರಿಗೆ ಮರಳಿದಾಗ ಇಡೀ ಬ್ರಿಟನ್ ಅವರನ್ನು ದೇವತೆ ಅಂತ ಕೊಂಡಾಡಿತು. ಸುಮ್ಮನೆ ಹೊಗಳಿಸಿಕೊಂಡು ಇರಬಹುದಿತ್ತು. ಅವರು ಲೆಕ್ಕಕ್ಕೆ ಕೂತರು. ಊಟ ಸಾಲದೆ, ದಣಿದು, ತಡವಾಗಿ ಆಸ್ಪತ್ರೆಗೆ ಬಂದಿದ್ದರಿಂದ ಸೈನಿಕರು ಸತ್ತರು ಅಂತ ಮೊದಲು ಅವರೂ ನಂಬಿದ್ದರು. ಅಂಕಿಅಂಶ ತಜ್ಞ ವಿಲಿಯಂ ಫಾರ್ ಜೊತೆ ಲೆಕ್ಕ ಹಾಕಿದಾಗ ಬೇರೆಯೇ ಕಂಡಿತು. ಯುದ್ಧಭೂಮಿ ಪಕ್ಕದ ಆಸ್ಪತ್ರೆಗಳಿಗಿಂತ ಸ್ಕುಟಾರಿಯಲ್ಲೇ ಸಾವಿನ ಪ್ರಮಾಣ ಹೆಚ್ಚು. ಅಂದರೆ ತಾವು ದೀಪ ಹಿಡಿದು ಓಡಾಡಿದ ಕಟ್ಟಡದ ಕೊಳಕೇ ಜನರನ್ನು ಕೊಂದಿತ್ತು.

ಅದನ್ನು ಅವರು ಮುಚ್ಚಿಡಲಿಲ್ಲ. ವಿಕ್ಟೋರಿಯಾ ರಾಣಿಯನ್ನು ಕಂಡು ಒತ್ತಾಯಿಸಿದರು. 1857ರಲ್ಲಿ ಸಿಡ್ನಿ ಹರ್ಬರ್ಟ್ ಅಧ್ಯಕ್ಷತೆಯಲ್ಲಿ ರಾಯಲ್ ಕಮಿಷನ್ ರಚನೆಯಾಯಿತು. ಹೆಂಗಸು ಅನ್ನೋ ಕಾರಣಕ್ಕೆ ಅವರಿಗೆ ಅದರಲ್ಲಿ ಸ್ಥಾನ ಇಲ್ಲ. ಆದರೂ ತೆರೆಮರೆಯ ಕೆಲಸವೆಲ್ಲ ಅವರದ್ದೇ. ಓದಲು ಬೇಸರಪಡುವ ಮಂತ್ರಿಗಳಿಗೂ ಒಂದೇ ನೋಟಕ್ಕೆ ತಿಳಿಯಲಿ ಅಂತ ತಿಂಗಳವಾರು ಸಾವುಗಳನ್ನು ಬಣ್ಣದ ಚಕ್ರದಂಥ ಚಿತ್ರದಲ್ಲಿ ತೋರಿಸಿದರು. ಯುದ್ಧವೇ ಇಲ್ಲದಾಗಲೂ ಬ್ಯಾರಕ್‌ಗಳಲ್ಲಿ ಸೈನಿಕರ ಸಾವಿನ ಪ್ರಮಾಣ ಅದೇ ವಯಸ್ಸಿನ ಸಾಮಾನ್ಯ ಜನರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಅನ್ನೋದೂ ಹೊರಬಂತು. ಬ್ಯಾರಕ್‌ಗಳ ದುರಸ್ತಿ, ಸೇನಾ ವೈದ್ಯಕೀಯ ಶಾಲೆ, ಸೇನೆಗೆ ಅಂಕಿಅಂಶ ವಿಭಾಗ, ಇವೆಲ್ಲ ಆ ತನಿಖೆಯ ಫಲ.

ಭಾರತದ ಕಡೆಗೂ ಕಣ್ಣು

ಭಾರತಕ್ಕೆ ಅವರು ಕಾಲಿಡಲೇ ಇಲ್ಲ. ಆದರೂ ಇಲ್ಲಿನ ಸೇನಾ ಠಾಣ್ಯಗಳಿಗೆ ಪ್ರಶ್ನಾವಳಿ ಕಳಿಸಿ, ಬಂದ ಉತ್ತರಗಳನ್ನೆಲ್ಲ ಹಾಸಿಗೆ ಹಿಡಿದಿದ್ದಾಗಲೂ ಓದಿದರು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯ್ತಿದ್ದಾರೆ ಅಂತ 1863ರ ಆಯೋಗದ ವರದಿ ಹೇಳಿತು. ಮುಂದೆ ಅವರ ಗಮನ ರೈತರು, ನೀರಾವರಿ, ಹಳ್ಳಿಗಳ ನೈರ್ಮಲ್ಯದ ಕಡೆಗೂ ತಿರುಗಿತು.

ಇವತ್ತು ಹೆರಿಗೆ ವೇಳೆ ತಾಯಿ ಸತ್ತರೆ ಆ ಸಾವಿನ ಆಡಿಟ್ ಆಗಬೇಕು ಅನ್ನೋ ನಿಯಮ ಇದೆ. 2024ರಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯರು ಸತ್ತಾಗ ಜನ ಕೇಳಿದ್ದೂ ಅದನ್ನೇ: ಎಷ್ಟು ಮಂದಿ, ಯಾಕೆ? ನೈಟಿಂಗೇಲ್ ಜೀವನವಿಡೀ ಕೇಳಿದ್ದು ಈ ಎರಡು ಪ್ರಶ್ನೆಗಳನ್ನೇ.

1860ರಲ್ಲಿ ಲಂಡನ್‌ನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ದಾದಿಯರ ಶಾಲೆ ಶುರುವಾಯಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆ ಅವರು. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು. ರಾಜರು ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಮಣ್ಣು ಮಾಡಲು ಸರ್ಕಾರ ಮುಂದಾದರೂ ಮನೆಯವರು ಬೇಡ ಅಂದರು. ಈಸ್ಟ್ ವೆಲ್ಲೊ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ಅವರ ಸಮಾಧಿ ಇದೆ. ಕಲ್ಲಿನ ಮೇಲೆ ಪೂರ್ತಿ ಹೆಸರೂ ಇಲ್ಲ. ಎಫ್. ಎನ್. ಅಂತ ಎರಡಕ್ಷರ, ಹುಟ್ಟು ಸಾವಿನ ವಿವರ, ಅಷ್ಟೇ.