ಶಿಲಾಲಿಪಿಯಲ್ಲಿ ಶರಣರನ್ನು ಅರಸಿದ ಫ್ಲೀಟ್ ಸಾಹೇಬರು

ಪರದೇಶದಲ್ಲಿ ಹುಟ್ಟಿ ಪರಭಾಷೆಯಲ್ಲಿ ಬೆಳೆದ ಪುರುಷರೊಬ್ಬರು ರಾಜಕಾರ್ಯದ ನಿಮಿತ್ತವಾಗಿ ಕನ್ನಡ ನಾಡಿಗೆ ಬಂದು, ಇಲ್ಲಿಯ ಹಾಳು ಗುಡಿಗಳಲ್ಲಿಯೂ ಕೆರೆಯ ಏರಿಗಳಲ್ಲಿಯೂ ಬಿದ್ದಿದ್ದ ಕಲ್ಲುಗಳನ್ನು ಓದಲು ಕಲಿತು, ಈ ನಾಡಿನ ಅರಸುಮನೆತನಗಳ ಸಾವಿರ ವರ್ಷಗಳ ವೃತ್ತಾಂತವನ್ನು ಬೆಳಕಿಗೆ ತಂದರು. ಅವರೇ ಶರಣಧರ್ಮದ ಮೂಲವನ್ನೂ ಕಲ್ಲಿನಲ್ಲಿ ಅರಸಹೋಗಿ, ಶ್ರೀ ಬಸವೇಶ್ವರರ ಅಗ್ರಸ್ಥಾನದ ವಿಷಯದಲ್ಲಿ ಸಂದೇಹವನ್ನು ತಾಳಿದರು. ಹೀಗೆ ಉಪಕಾರವನ್ನೂ ಸಂದೇಹವನ್ನೂ ಒಟ್ಟಿಗೆ ಬಿಟ್ಟುಹೋದ ಜಾನ್ ಫೇಯ್ತ್‌ಫುಲ್ ಫ್ಲೀಟ್ ಸಾಹೇಬರ ಚರಿತ್ರವು ಗುರುಭಕ್ತರಾದವರು ಸಮಾಧಾನಚಿತ್ತದಿಂದ ಮನನ ಮಾಡತಕ್ಕದ್ದಾಗಿದೆ.

ಫ್ಲೀಟ್ ಸಾಹೇಬರು ಕ್ರಿ. ಶ. ೧೮೪೭ರಲ್ಲಿ ಇಂಗ್ಲಂಡದಲ್ಲಿ ಜನಿಸಿದರು. ಲಂಡನ್ನಿನ ಮರ್ಚಂಟ್ ಟೇಲರ್ಸ್ ಪಾಠಶಾಲೆಯಲ್ಲಿ ವ್ಯಾಸಂಗವನ್ನು ಮುಗಿಸಿ, ೧೮೬೫ರಲ್ಲಿ ಹಿಂದೂಸ್ಥಾನದ ಸಿವಿಲ್ ಸರ್ವಿಸಿಗೆ ಆಯ್ಕೆಯಾದರು. ಈ ದೇಶಕ್ಕೆ ಹೊರಡುವ ಮುಂಚೆಯೇ ಲಂಡನ್ ಯುನಿವರ್ಸಿಟಿ ಕಾಲೇಜಿನಲ್ಲಿ ಗೋಲ್ಡ್‌ಸ್ಟ್ಯೂಕರ್ ಎಂಬ ಪ್ರಸಿದ್ಧ ಪಂಡಿತರ ಬಳಿಯಲ್ಲಿ ಸಂಸ್ಕೃತವನ್ನು ಅಭ್ಯಾಸ ಮಾಡಿದರು. ೧೮೬೭ರಲ್ಲಿ ಮುಂಬಯಿಗೆ ಬಂದಿಳಿದು, ಕಂದಾಯ ಮತ್ತು ನ್ಯಾಯದ ಕೆಲಸಗಳಲ್ಲಿ ನಿಯುಕ್ತರಾದರು. ಆ ಕಾಲದಲ್ಲಿ ಹುನಗುಂದ, ಬಾದಾಮಿ, ಬಾಗಲಕೋಟೆಗಳು ಕಲಾದಗಿ ಜಿಲ್ಲೆಗೆ ಸೇರಿದ್ದವು. ಜಿಲ್ಲೆಯ ಮುಖ್ಯ ಕಚೇರಿಯು ೧೮೮೫ರಲ್ಲಿ ವಿಜಾಪುರಕ್ಕೆ ಹೋಯಿತು. ೧೮೭೨ರಲ್ಲಿ ದಕ್ಷಿಣ ಭಾಗದ ವಿದ್ಯಾಖಾತೆಯ ಇನ್ಸ್‌ಪೆಕ್ಟರರಾಗಿಯೂ, ೧೮೭೫ರಲ್ಲಿ ಕೊಲ್ಲಾಪುರ ಮತ್ತು ದಕ್ಷಿಣ ಮಹಾರಾಷ್ಟ್ರ ಸಂಸ್ಥಾನಗಳ ಸಹಾಯಕ ಪೊಲಿಟಿಕಲ್ ಏಜಂಟರಾಗಿಯೂ ಅವರು ಕೆಲಸ ಮಾಡಿದರು. ಈ ಅಧಿಕಾರಗಳಲ್ಲಿ ಊರೂರು ಸುತ್ತುವ ಕರ್ತವ್ಯವು ಒದಗಿತು. ಸುತ್ತಿದವರು ಅನೇಕರು, ಸುತ್ತಿದಲ್ಲೆಲ್ಲ ಕಲ್ಲಿನ ಮುಂದೆ ನಿಂತು ಓದಿದವರು ವಿರಳ.

ಅವರಿಗಿಂತ ಮೊದಲು ಸರ್ ವಾಲ್ಟರ್ ಇಲಿಯಟ್ ಎಂಬ ಅಧಿಕಾರಿಗಳು ಕನ್ನಡ ದೇಶದ ೫೯೫ ಶಾಸನಗಳ ಪ್ರತಿಗಳನ್ನು ಬರೆಯಿಸಿ ಕೂಡಿಹಾಕಿದ್ದರು. ಅವು ಕಣ್ಣಳತೆಯಿಂದ ಕೈಯಲ್ಲಿ ಬರೆದುಕೊಂಡ ಪ್ರತಿಗಳಾದ್ದರಿಂದ ಲಿಪಿಕಾರನ ತಪ್ಪು ಶಾಸನದ ತಪ್ಪಾಗಿ ತೋರುವ ಭಯವಿದ್ದಿತು. ಫ್ಲೀಟ್ ಸಾಹೇಬರು ಕಲ್ಲಿನ ಮೇಲಿನಿಂದ ನೇರವಾಗಿ ಕಾಗದದ ಅಚ್ಚನ್ನು ತೆಗೆಯಿಸಿ, ಅದನ್ನು ಅಕ್ಷರಶಃ ಪರೀಕ್ಷಿಸಿ, ಮೂಲವನ್ನೂ ಅರ್ಥವನ್ನೂ ಒಟ್ಟಿಗೆ ಪ್ರಕಟಿಸುವ ಕ್ರಮವನ್ನು ಹಿಡಿದರು. ಅಚ್ಚಿನಲ್ಲಿ ಕಾಣದ ಅಕ್ಷರವನ್ನು ಊಹೆಯಿಂದ ತುಂಬುವದು ಅವರಿಗೆ ಸರಿಬರುತ್ತಿರಲಿಲ್ಲ.

ಈ ಪರಿಶ್ರಮದ ದೊಡ್ಡ ಫಲವೊಂದು ದೊರೆತದ್ದು ಮಲಪ್ರಭೆಯ ದಂಡೆಯ ಮೇಲೆಯೇ. ಹುನಗುಂದ ತಾಲೂಕಿನ ಐಹೊಳೆಯಲ್ಲಿ ಮೇಗುಟಿಯ ಜಿನಾಲಯದ ಗೋಡೆಯ ಮೇಲೆ ರವಿಕೀರ್ತಿ ಎಂಬ ಕವಿಯು ಶಕ ೫೫೬ರಲ್ಲಿ, ಅಂದರೆ ಕ್ರಿ. ಶ. ೬೩೪ರಲ್ಲಿ, ಕೆತ್ತಿಸಿದ ಪ್ರಶಸ್ತಿಯಿರುವದು. ಇಮ್ಮಡಿ ಪುಲಕೇಶಿಯು ಉತ್ತರಾಪಥದ ಹರ್ಷವರ್ಧನನನ್ನು ತಡೆದ ಸಂಗತಿಯು ಅದರಲ್ಲಿದೆ. ಕಾಲಿದಾಸ ಭಾರವಿಗಳ ಹೆಸರುಗಳೂ ಕಾಲಸಹಿತವಾಗಿ ಅಲ್ಲಿ ಸಿಕ್ಕುವವು. ಫ್ಲೀಟ್ ಸಾಹೇಬರು ಇದನ್ನು ೧೮೭೬ರಲ್ಲಿ ಇಂಡಿಯನ್ ಆಂಟಿಕ್ವರಿ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಾದಾಮಿಯ ಗುಹೆಯಲ್ಲಿರುವ ಮಂಗಳೇಶನ ಶಾಸನ, ಅದೇ ಊರಿನ ಕಪ್ಪೆ ಅರಭಟ್ಟನ ಶಾಸನ, ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿಯ ದೇವಾಲಯದ ಶಾಸನ ಮುಂತಾದವು ಒಂದೊಂದಾಗಿ ಅವರ ಕೈಯಿಂದ ಹೊರಬಂದವು. ದನಗಾಹಿಗಳು ಬೆನ್ನು ಒರಗಿಸಿ ಕೂಡ್ರುತ್ತಿದ್ದ ಗೋಡೆಗಳು ಚಾಲುಕ್ಯರ ವಂಶಾವಳಿಯನ್ನು ಹೇಳತೊಡಗಿದವು. ಈ ಎಲ್ಲ ಸಾಮಗ್ರಿಯನ್ನು ಕ್ರಮಗೊಳಿಸಿ ೧೮೮೨ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ಗ್ರಂಥವನ್ನು ರಚಿಸಿದರು. ಅದರ ವಿಸ್ತೃತ ರೂಪವು ೧೮೯೬ರಲ್ಲಿ ಮುಂಬಯಿ ಗ್ಯಾಜೆಟಿಯರಿನ ಭಾಗವಾಗಿ ಹೊರಟಿತು.

೧೮೮೩ರಲ್ಲಿ ಸರಕಾರವು ಅವರನ್ನು ಹಿಂದೂಸ್ಥಾನದ ಪ್ರಥಮ ಶಾಸನತಜ್ಞರನ್ನಾಗಿ ನೇಮಿಸಿತು. ಗುಪ್ತ ಶಕೆಯ ಆರಂಭವು ಕ್ರಿ. ಶ. ೩೧೯-೨೦ ಎಂದು ನಿಶ್ಚಯಿಸಿದ ಅವರ ಮಹಾಗ್ರಂಥವು ೧೮೮೮ರಲ್ಲಿ ಪ್ರಕಟವಾಯಿತು. ಉತ್ತರ ಹಿಂದೂಸ್ಥಾನದ ಕಾಲಗಣನೆಗೆ ಅಡಿಗಲ್ಲಾದ ಈ ವಿದ್ಯೆಯ ಅಭ್ಯಾಸವು ಕನ್ನಡದ ಕಲ್ಲುಗಳ ಮುಂದೆ ನಡೆಯಿತೆಂಬದನ್ನು ಇಲ್ಲಿಯ ಜನರು ಮರೆಯಬಾರದು.

ಅವರ ಕಿವಿಯು ಕಲ್ಲಿಗೆ ಮಾತ್ರ ತೆರೆದಿರಲಿಲ್ಲ. ಹಳ್ಳಿಗರು ಹಾಡುತ್ತಿದ್ದ ಲಾವಣಿಗಳನ್ನು ಬರೆಯಿಸಿಕೊಂಡು, ೧೮೮೫ರಿಂದ ಕೆಲವು ವರ್ಷಗಳ ವರೆಗೆ ಅದೇ ಪತ್ರಿಕೆಯಲ್ಲಿ ಅರ್ಥಸಹಿತ ಅಚ್ಚುಹಾಕಿಸಿದರು. ಸಂಗೊಳ್ಳಿಯ ರಾಯಣ್ಣನ ಹಾಡು ಅವುಗಳಲ್ಲಿ ಒಂದು. ೧೮೫೭ರಲ್ಲಿ ಹತ್ಯಾರಗಳನ್ನು ಒಪ್ಪಿಸಲು ನಿರಾಕರಿಸಿ ಕಾದಾಡಿದ ಹಲಗಲಿಯ ಬೇಡರ ಹಾಡು ಮತ್ತೊಂದು. ತಮ್ಮ ಸರಕಾರದ ವಿರುದ್ಧ ಎದ್ದವರ ಕೀರ್ತಿಯನ್ನು ಆ ಸರಕಾರದ ಅಧಿಕಾರಿಯೇ ಕಾಪಾಡಿದ್ದು ಸಾಮಾನ್ಯವಾದ ಗುಣವಲ್ಲ. ದೊರೆತದ್ದನ್ನು ದೊರೆತಂತೆ ಉಳಿಸಬೇಕೆಂಬ ನಿಷ್ಠೆಯು ಅವರಲ್ಲಿ ಅಧಿಕಾರದ ಅಭಿಮಾನಕ್ಕಿಂತ ಬಲವಾಗಿದ್ದಿತು. ಅವರ ಸಂದೇಹವನ್ನು ವಿಚಾರಿಸುವಾಗಲೂ ಈ ನಿಷ್ಠೆಯನ್ನು ನೆನಪಿನಲ್ಲಿ ಇಡತಕ್ಕದ್ದು.

ವೀರಶೈವ ಧರ್ಮವನ್ನು ಅರಿಯಲು ಯತ್ನಿಸಿದ ಪಾಶ್ಚಾತ್ಯರಲ್ಲಿ ಫ್ಲೀಟ್ ಸಾಹೇಬರು ಮೊದಲಿಗರಲ್ಲ. ೧೮೪೦ರಲ್ಲಿ ಚಾರ್ಲ್ಸ್ ಫಿಲಿಪ್ ಬ್ರೌನರು ಜಂಗಮರ ಮತಾಚಾರ ಮತ್ತು ಸಾಹಿತ್ಯಗಳನ್ನು ಕುರಿತು ಪ್ರಬಂಧವನ್ನು ಬರೆದರು. ಕ್ರೈಸ್ತ ಮತಪ್ರಚಾರಕ್ಕಾಗಿ ಬಂದ ಜರ್ಮನಿಯ ಹೆರ್ಮನ್ ಮೋಗ್ಲಿಂಗರು ೧೮೫೦ರಲ್ಲಿ ಮಂಗಳೂರಿನಲ್ಲಿ ಬಸವಪುರಾಣವನ್ನು ಕಲ್ಲಚ್ಚಿನಲ್ಲಿ ಅಚ್ಚುಮಾಡಿಸಿದರು. ಅವರ ಬಳಗದ ವ್ಯೂರ್ತರು ಆ ಪುರಾಣದ ಸಾರವನ್ನು ಇಂಗ್ಲಿಷಿನಲ್ಲಿ ಬರೆದರು. ಇವರೆಲ್ಲರಿಗೂ ಆಧಾರವಾದದ್ದು ಪುರಾಣವು. ಬಸವ ಪುರಾಣವನ್ನು ಭೀಮಕವಿಯು ಕನ್ನಡದಲ್ಲಿ ರಚಿಸಿದ್ದು ೧೩೬೯ರಲ್ಲಿ; ಬಸವೇಶ್ವರರು ಲಿಂಗೈಕ್ಯರಾಗಿ ಆಗಲೇ ಇನ್ನೂರು ವರ್ಷಗಳು ಕಳೆದಿದ್ದವು. ಫ್ಲೀಟ್ ಸಾಹೇಬರೂ ಮೊದಲು ಬಿಜ್ಜಳನ ವೃತ್ತಾಂತವನ್ನು ಬರೆಯುವಾಗ ಪುರಾಣದ ಕಥೆಯನ್ನೇ ಅನುಸರಿಸಿದ್ದರು. ಆದರೆ ಕಣ್ಣಾರೆ ಕಂಡ ಕಾಲದ ಸಾಕ್ಷಿಯನ್ನು ಬೇಡುವದು ಅವರ ಸ್ವಭಾವ.

ಆ ಸಾಕ್ಷಿಯು ಈಗಿನ ಹಾವೇರಿ ಜಿಲ್ಲೆಗೆ ಸೇರಿರುವ ಅಬ್ಬಲೂರಿನಲ್ಲಿ ಸಿಕ್ಕಿತು. ಅಲ್ಲಿಯ ಸೋಮೇಶ್ವರ ದೇವಾಲಯದಲ್ಲಿ ಕ್ರಿ. ಶ. ೧೨೦೦ರ ಸುಮಾರಿನ ದೊಡ್ಡ ಶಾಸನವೊಂದಿದೆ. ಆಳಂದೆಯಲ್ಲಿ ಹುಟ್ಟಿದ ಏಕಾಂತದ ರಾಮಯ್ಯನು ಹುಲಿಗೆರೆಯ ಸೋಮನಾಥನ ಭಕ್ತನಾಗಿ ಅಬ್ಬಲೂರಿಗೆ ಬಂದದ್ದು, ಜೈನರೊಡನೆ ಪಣವನ್ನು ಕಟ್ಟಿ ತನ್ನ ಶಿರಸ್ಸನ್ನೇ ಶಿವನಿಗೆ ಅರ್ಪಿಸಿ ಏಳು ದಿನಗಳ ಮೇಲೆ ಮರಳಿ ಪಡೆದದ್ದು, ಬಿಜ್ಜಳನು ಅವನಿಗೆ ಜಯಪತ್ರವನ್ನು ಕೊಟ್ಟದ್ದು, ಬಿಜ್ಜಳನೂ ಚಾಲುಕ್ಯ ಸೋಮೇಶ್ವರನೂ ಹಾನಗಲ್ಲಿನ ಕದಂಬ ಕಾಮದೇವನೂ ದೇವಾಲಯಕ್ಕೆ ಗ್ರಾಮಗಳನ್ನು ಬಿಟ್ಟದ್ದು ಇವೆಲ್ಲವೂ ಅದರಲ್ಲಿ ಹೇಳಲ್ಪಟ್ಟಿವೆ. ಇದೇ ಪವಾಡವು ಬಸವಪುರಾಣದಲ್ಲಿಯೂ ಬಂದಿದೆ. ಪುರಾಣವು ಹೇಳಿದ ಶರಣನ ಹೆಸರನ್ನು ಕಲ್ಲು ಸಮರ್ಥಿಸಿತು. ಆದರೆ ಬಸವಣ್ಣನವರ ಹೆಸರು ಆ ಕಲ್ಲಿನಲ್ಲಿ ಇರಲಿಲ್ಲ.

೧೮೯೭ರಲ್ಲಿ ಸರಕಾರದ ಸೇವೆಯಿಂದ ನಿವೃತ್ತರಾಗಿ ಸ್ವದೇಶಕ್ಕೆ ಹೋದ ಫ್ಲೀಟ್ ಸಾಹೇಬರು ಅಬ್ಬಲೂರಿನ ಶಾಸನಗಳನ್ನು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ವಿಸ್ತಾರವಾಗಿ ಪ್ರಕಟಿಸಿದರು. ಹನ್ನೆರಡನೆಯ ಶತಮಾನದ ಶೈವೋತ್ಥಾನದಲ್ಲಿ ಮುಂದಾಳಾದವನು ಏಕಾಂತದ ರಾಮಯ್ಯನೇ ಇರಬೇಕೆಂದೂ, ಬಸವಣ್ಣನವರಿಗೆ ಪುರಾಣಗಳು ಕೊಟ್ಟ ಸ್ಥಾನವು ಬಹು ಕಾಲದ ಮೇಲೆ ಬೆಳೆದದ್ದೆಂದೂ ಅವರು ಅಭಿಪ್ರಾಯಪಟ್ಟರು. ಮಣಗೂಳಿಯ ೧೧೬೧ರ ಶಾಸನವೊಂದರಲ್ಲಿ ಶಿವಾಲಯವನ್ನು ಸ್ಥಾಪಿಸಿದ ಬಸವನೆಂಬವನ ಹೆಸರು ಬಂದದ್ದೂ ಅವರ ವಿಚಾರಕ್ಕೆ ಒಳಗಾಯಿತು. ಈ ಮತವು ಅವರ ಗ್ರಂಥದಲ್ಲಿಯೇ ನಿಲ್ಲಲಿಲ್ಲ. ೧೯೧೧ರ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ವರೆಗೂ ಅದರ ಪ್ರತಿಧ್ವನಿಯು ಹಬ್ಬಿತು. ಲಕ್ಷಾವಧಿ ಜನರು ಗುರುವೆಂದು ಪೂಜಿಸುವ ಪುರುಷರ ಚಾರಿತ್ರಿಕತೆಯು ದೂರದೇಶದ ಪಂಡಿತರ ಸಭೆಯಲ್ಲಿ ಸಂಶಯಕ್ಕೆ ಗುರಿಯಾಯಿತು.

ಈ ಸಂಶಯವು ದ್ವೇಷದಿಂದ ಹುಟ್ಟಿದ್ದಲ್ಲ. ಫ್ಲೀಟ್ ಸಾಹೇಬರು ಎಲ್ಲರ ದಾಖಲೆಗಳನ್ನೂ ಒಂದೇ ಒರೆಗಲ್ಲಿಗೆ ಹಚ್ಚಿದರು. ಗಂಗರ ತಾಮ್ರಶಾಸನಗಳನ್ನು ಕೃತ್ರಿಮವೆಂದು ಅವರು ಬಹುಕಾಲ ತಳ್ಳಿಹಾಕಿದರು. ಮೈಸೂರಿನ ರೈಸ್ ಸಾಹೇಬರೊಡನೆ ಈ ವಿಷಯದಲ್ಲಿ ದೀರ್ಘ ವಾದವು ನಡೆಯಿತು. ಆದರೂ ಪೆನುಗೊಂಡೆಯ ಗಂಗಶಾಸನವು ಬೆಳಕಿಗೆ ಬಂದಾಗ, ಅದು ನಿಜವಾದದ್ದೆಂದು ತಮ್ಮ ವೃದ್ಧಾಪ್ಯದಲ್ಲಿ ಒಪ್ಪಿಕೊಂಡರು. ಸರಿಯಾದ ಪ್ರಮಾಣವು ಎದುರಿಗೆ ಬಂದರೆ ಹಿಂದಿನ ಮಾತನ್ನು ಬಿಡುವದು ಅವರಿಗೆ ಅವಮಾನವೆಂದು ತೋರಲಿಲ್ಲ.

ಅವರ ತರ್ಕದಲ್ಲಿ ಕೊರತೆಯಿದ್ದದ್ದು ಮತ್ತೊಂದೆಡೆಯಲ್ಲಿ. ಅಬ್ಬಲೂರಿನ ಕಲ್ಲು ಒಂದು ದೇವಾಲಯದ ದಾನಪತ್ರವು. ಆ ದೇವಾಲಯವನ್ನು ಕಟ್ಟಿಸಿದವನ ಮಹಿಮೆಯನ್ನೂ, ಭೂಮಿಯನ್ನು ಬಿಟ್ಟವರ ಹೆಸರುಗಳನ್ನೂ ಹೇಳುವದು ಅದರ ಕೆಲಸ. ಕಲ್ಯಾಣದ ಸಮಸ್ತ ಶರಣರ ಗಣನೆಯನ್ನು ಮಾಡುವದಲ್ಲ. ದಾನಪತ್ರದ ಮೌನವನ್ನು ಅಭಾವವೆಂದು ತಿಳಿಯಲಾಗದು. ಮೇಲಾಗಿ ಬಸವಣ್ಣನವರ ಮಾರ್ಗವು ಗುಡಿಯನ್ನು ಕಟ್ಟಿಸುವ ಮಾರ್ಗವಾಗಿರಲಿಲ್ಲ. ದೇಹವನ್ನೇ ದೇಗುಲವಾಗಿ ಮಾಡಿಕೊಂಡು ಇಷ್ಟಲಿಂಗವನ್ನು ಅಂಗೈಯಲ್ಲಿ ಪೂಜಿಸುವವರು ಗುಡಿಯ ಕಂಬದ ಮೇಲೆ ಹೆಸರನ್ನು ಬಿಡುವದು ಅಪರೂಪ. ಅವರ ಶಾಸನವು ವಚನವು. ಆ ವಚನಗಳು ಫ್ಲೀಟ್ ಸಾಹೇಬರು ಇಲ್ಲಿ ತಿರುಗಾಡುತ್ತಿದ್ದ ಕಾಲದಲ್ಲಿ ಮಠಗಳ ಮತ್ತು ಭಕ್ತರ ಮನೆಗಳ ತಾಡವೋಲೆಗಳಲ್ಲಿ ಮುಚ್ಚಿಕೊಂಡಿದ್ದವು. ಪೂಜೆಯಾಗುತ್ತಿದ್ದ ಕಟ್ಟುಗಳನ್ನು ಬಿಚ್ಚಿ ತೋರಿಸುವವರು ಇರಲಿಲ್ಲ. ಆದ್ದರಿಂದ ಸಂದೇಹದ ದೋಷವನ್ನೆಲ್ಲ ಸಂದೇಹಿಸಿದವರ ಮೇಲೆ ಹೊರಿಸುವದು ನ್ಯಾಯವಲ್ಲ.

ಫ್ಲೀಟ್ ಸಾಹೇಬರು ಕಡೆಯ ವರೆಗೂ ವಿದ್ಯಾವ್ಯಾಸಂಗವನ್ನು ಬಿಡಲಿಲ್ಲ. ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸಾಯಿಟಿಯ ಗೌರವ ಕಾರ್ಯದರ್ಶಿಗಳಾಗಿ ದುಡಿದರು. ಮೈಸೂರಿನ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಇಂಗ್ಲಿಷಿಗೆ ಪರಿವರ್ತಿಸಿ ೧೯೧೫ರಲ್ಲಿ ಪ್ರಕಟಿಸಿದಾಗ ಅದಕ್ಕೆ ಮುನ್ನುಡಿಯನ್ನು ಬರೆದುಕೊಟ್ಟರು. ೧೯೧೭ನೆಯ ಇಸವಿ ಫೆಬ್ರುವರಿ ೨೧ರಂದು ಅವರು ದಿವಂಗತರಾದರು.

ಅವರ ಸಂದೇಹಕ್ಕೆ ಉತ್ತರವು ಅವರ ಮರಣಾನಂತರ ಎರಡು ಬಗೆಯಾಗಿ ಬಂದಿತು. ವಿಜಾಪುರದಲ್ಲಿ ವಕೀಲರಾಗಿದ್ದ ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಮನೆಮನೆಯ ತಾಡವೋಲೆಗಳನ್ನು ಬೇಡಿ ತಂದು, ಶೋಧಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಹೊರತಂದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿ ತಮ್ಮ ಸರ್ವಸ್ವವನ್ನು ಆ ಕಾರ್ಯಕ್ಕೆ ಸವೆಯಿಸಿದರು. ಎರಡನೆಯ ಉತ್ತರವು ಕಲ್ಲಿನಿಂದಲೇ ಬಂದಿತು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ ಯಾದವ ಕನ್ನರನ ಕಾಲದ, ಶಕ ೧೧೮೨ರ, ಅಂದರೆ ಕ್ರಿ. ಶ. ೧೨೬೦ರ ಶಾಸನವು ದೊರೆಯಿತು. ಬಾಗೇವಾಡಿಯ ಮಾದಿರಾಜನ ಮಗನಾದ ಸಂಗನ ಬಸವನ ಹೆಸರು ಅದರಲ್ಲಿ ಸ್ಪಷ್ಟವಾಗಿದೆ. ಬಸವೇಶ್ವರರು ಲಿಂಗೈಕ್ಯರಾದ ಮೇಲೆ ಒಂದು ನೂರು ವರ್ಷಗಳು ತುಂಬುವ ಮುಂಚೆಯೇ ಕೆತ್ತಿದ ಅಕ್ಷರಗಳವು. ಭೀಮಕವಿಯ ಪುರಾಣಕ್ಕಿಂತ ಶತಮಾನದಷ್ಟು ಹಿಂದಿನವು. ಫ್ಲೀಟ್ ಸಾಹೇಬರು ಸಂದೇಹವನ್ನು ಬರೆದ ಎಪಿಗ್ರಾಫಿಯಾ ಇಂಡಿಕಾದ ನಂತರದ ಸಂಪುಟವೊಂದರಲ್ಲಿಯೇ ಈ ಕಲ್ಲಿನ ಪಾಠವೂ ಅಚ್ಚಾಯಿತು. ಅವರೇ ಹಾಕಿಕೊಟ್ಟ ಪರೀಕ್ಷಾಕ್ರಮದಿಂದ ಅವರ ಮತವು ತಿದ್ದಲ್ಪಟ್ಟಿತು. ಅದರಿಂದ ಏಕಾಂತದ ರಾಮಯ್ಯನ ಮಹಿಮೆಗೂ ಕುಂದು ಬರಲಿಲ್ಲ. ಆತನೂ ಶರಣಗಣದಲ್ಲಿ ಪೂಜ್ಯನೇ.

ಕೃಷ್ಣಾ ಮಲಪ್ರಭೆಗಳು ಕೂಡುವ ಸಂಗಮದಲ್ಲಿ ಗುರುವಿನ ಐಕ್ಯಸ್ಥಾನವನ್ನು ಹೊಂದಿರುವ ಈ ಸೀಮೆಯ ಭಕ್ತರಿಗೆ ಬಸವಣ್ಣನವರ ಇರವನ್ನು ಕಲ್ಲು ಹೇಳಬೇಕಾದದ್ದಿಲ್ಲ. ಆದರೂ ಲೋಕದ ಎದುರಿಗೆ ಸಾಕ್ಷಿಯನ್ನು ಕೇಳಿದಾಗ ಭಕ್ತಿಯೊಂದೇ ಉತ್ತರವಾಗಲಾರದೆಂಬದನ್ನು ಫ್ಲೀಟ್ ಸಾಹೇಬರ ಜೀವಿತವು ಕಲಿಸುವದು. ಮರೋಳದಲ್ಲಿಯೂ ಚಾಲುಕ್ಯ ಜಯಸಿಂಹನ ಕಾಲದ, ಹನ್ನೊಂದನೆಯ ಶತಮಾನದ ಶಾಸನವಿರುವದು. ಹುನಗುಂದ ಬಾದಾಮಿಗಳ ಹಳ್ಳಿಹಳ್ಳಿಯಲ್ಲಿ ಇಂಥ ಕಲ್ಲುಗಳಿರುವವು. ಅವುಗಳಿಗೆ ಸುಣ್ಣವನ್ನು ಬಳಿಯುವದು, ಒಡೆದು ಕಟ್ಟೆಗೆ ಹಾಕುವದು, ಓಲೆಯ ಕಟ್ಟುಗಳನ್ನು ಹುಳುಗಳಿಗೆ ಬಿಟ್ಟು ಕುಂಕುಮವನ್ನು ಮಾತ್ರ ಏರಿಸುವದು, ಇವು ಗುರುವಿನ ಸಾಕ್ಷಿಯನ್ನು ತಮ್ಮ ಕೈಯಿಂದಲೇ ಅಳಿಸಿದಂತೆ. ಏಳು ಸಮುದ್ರಗಳ ಆಚೆಯವರು ಬಂದು ಓದಿದ್ದನ್ನು ಮನೆಯವರು ಕಾಪಾಡದಿದ್ದರೆ, ಮುಂದೆ ಮತ್ತೊಬ್ಬರು ಸಂದೇಹಪಟ್ಟಾಗ ಎತ್ತಿ ತೋರಿಸಲು ಏನೂ ಉಳಿಯಲಾರದು. ಶ್ರೀಮಠದ ಶಿಷ್ಯರು ತಂತಮ್ಮ ಊರಿನ ಕಲ್ಲನ್ನೂ ತಂತಮ್ಮ ಮನೆಯ ಓಲೆಯನ್ನೂ ಜಂಗಮನಂತೆ ಸತ್ಕರಿಸಿ ಉಳಿಸಿಕೊಳ್ಳಲಿ. ಓದಬಲ್ಲವರ ಮುಂದೆ ಬಿಚ್ಚಿ ಇಡಲಿ. ಗುರುಸೇವೆಯಲ್ಲಿ ಇದೂ ಒಂದು ಕಾಯಕವು.