ಐವತ್ತು ವರ್ಷಕ್ಕೆ ಒಂದೇ ಕಡಿಮೆ: ಸಂಸದ ಟಿ.ಪಿ. ಓಕಾನರ್

ಬ್ರಿಟಿಷ್ ಸಂಸತ್ತಿನಲ್ಲಿ ಸತತ 49 ವರ್ಷ ಸದಸ್ಯರಾಗಿದ್ದ ಐರಿಷ್ ಮುಖಂಡ ಥಾಮಸ್ ಪವರ್ ಓಕಾನರ್ 1848ರ ಅಕ್ಟೋಬರ್ 5ರಂದು ಅಥ್ಲೋನ್ ಪಟ್ಟಣದ ಕಥೋಲಿಕ ಕುಟುಂಬದಲ್ಲಿ ಜನಿಸಿದರು. ಟಿ.ಪಿ. ಎಂಬುದನ್ನು ಐರಿಷ್ ಉಚ್ಚಾರದಲ್ಲಿ ಹೇಳಿ ಜನ ಅವರನ್ನು 'ಟೇ ಪೇ' ಎಂದೇ ಕರೆಯುತ್ತಿದ್ದರು.

ಗಾಲ್ವೆಯ ಕ್ವೀನ್ಸ್ ಕಾಲೇಜಿನಲ್ಲಿ ಪದವಿ ಪಡೆದು, ಡಬ್ಲಿನ್‌ನಲ್ಲಿ ಪತ್ರಕರ್ತರಾಗಿ, 1870ರಲ್ಲಿ ಲಂಡನ್ ಸೇರಿದರು. 1880ರಲ್ಲಿ ಗಾಲ್ವೆಯಿಂದ ಆಯ್ಕೆಯಾಗಿ ಪಾರ್ನೆಲ್ಲರ ಐರಿಷ್ ಪಕ್ಷದ ಸಾಲಿನಲ್ಲಿ ಕುಳಿತರು. 1911ರವರೆಗೆ ಅಲ್ಲಿ ಸಂಸದರಿಗೆ ಸಂಬಳವೇ ಇರಲಿಲ್ಲ. ಆಸ್ತಿಯಿಲ್ಲದ ಓಕಾನರ್ ಲೇಖನಿಯಿಂದಲೇ ಹೊಟ್ಟೆ ಹೊರೆಯಬೇಕಾಯಿತು. 1888ರಲ್ಲಿ ಅವರು ಆರಂಭಿಸಿದ ಅರ್ಧ ಪೆನ್ನಿಯ ಸಂಜೆ ಪತ್ರಿಕೆ 'ದ ಸ್ಟಾರ್'ನಲ್ಲಿ ಬರ್ನಾರ್ಡ್ ಶಾ ಸಹ ಬರೆಯುತ್ತಿದ್ದರು.

1885ರ ಚುನಾವಣೆಯಲ್ಲಿ ಓಕಾನರ್ ಎರಡು ಕಡೆ ಗೆದ್ದರು: ಗಾಲ್ವೆ ಮತ್ತು ಇಂಗ್ಲೆಂಡಿನ ಬಂದರು ನಗರ ಲಿವರ್‌ಪೂಲಿನ 'ಸ್ಕಾಟ್‌ಲೆಂಡ್' ಕ್ಷೇತ್ರ. (ಹೆಸರು ಬಂದದ್ದು ಅಲ್ಲಿನ ಸ್ಕಾಟ್‌ಲೆಂಡ್ ರಸ್ತೆಯಿಂದ, ದೇಶದಿಂದಲ್ಲ.) ಅವರು ತಾಯ್ನಾಡಿನ ಸ್ಥಾನ ಬಿಟ್ಟು ಲಿವರ್‌ಪೂಲನ್ನು ಉಳಿಸಿಕೊಂಡರು. ಐರ್ಲೆಂಡಿನ ಮಹಾಕ್ಷಾಮದ ಕಾಲದಲ್ಲಿ, 1847ರ ಒಂದೇ ವರ್ಷ, ಸುಮಾರು 3 ಲಕ್ಷ ಐರಿಷ್ ಜನ ಈ ಬಂದರಿನಲ್ಲಿ ಇಳಿದಿದ್ದರು. ಅನೇಕರು ಅಮೆರಿಕದ ಹಡಗು ಹತ್ತಿದರು. ಟಿಕೆಟಿಗೆ ದುಡ್ಡಿಲ್ಲದವರು ಧಕ್ಕೆಯ ಸುತ್ತಲಿನ ಕತ್ತಲೆ ಮನೆಗಳಲ್ಲೇ ಉಳಿದರು. ಅವರಲ್ಲಿ ಜ್ವರಪೀಡಿತರಾದವರ ಸೇವೆ ಮಾಡುತ್ತ ಆ ವರ್ಷ 10 ಮಂದಿ ಕಥೋಲಿಕ ಗುರುಗಳು ಪ್ರಾಣ ಕಳೆದುಕೊಂಡರು. ಈ ಜನರ ಮುಂದಿನ ತಲೆಮಾರೇ ಓಕಾನರ್ ಅವರ ಮತದಾರರು. ಬ್ರಿಟನ್ ನೆಲದಿಂದ ಐರಿಷ್ ರಾಷ್ಟ್ರೀಯ ಪಕ್ಷದವರನ್ನು ಸಂಸತ್ತಿಗೆ ಕಳುಹಿಸಿದ ಕ್ಷೇತ್ರ ಇದೊಂದೇ.

1890ರಲ್ಲಿ ವಿಚ್ಛೇದನ ಪ್ರಕರಣವೊಂದರಿಂದ ಪಾರ್ನೆಲ್ಲರ ನಾಯಕತ್ವಕ್ಕೆ ಕುತ್ತು ಬಂದಾಗ ಓಕಾನರ್ ಪಕ್ಷಕ್ಕೆ ಹಣ ಕೂಡಿಸಲು ಅಮೆರಿಕದಲ್ಲಿದ್ದರು. ತಮ್ಮನ್ನು ರಾಜಕೀಯಕ್ಕೆ ತಂದ ನಾಯಕನ ವಿರುದ್ಧದ ಹೇಳಿಕೆಗೆ ಅಲ್ಲಿಂದಲೇ ಸಹಿ ಹಾಕಿದರು. ಸುಲಭದ ಸಹಿ ಅದಾಗಿರಲಾರದು.

ಸ್ವಯಮಾಡಳಿತ ಮಸೂದೆ 1914ರಲ್ಲಿ ಕೊನೆಗೂ ಕಾನೂನಾಯಿತು, ಆದರೆ ಯುದ್ಧದ ಕಾರಣ ತಡೆಹಿಡಿಯಲಾಯಿತು. 1916ರ ಡಬ್ಲಿನ್ ದಂಗೆ ಮತ್ತು ಅದರ ನಾಯಕರ ಮರಣದಂಡನೆಯ ನಂತರ ಜನರ ಮನಸ್ಸೇ ತಿರುಗಿತು. 1918ರಲ್ಲಿ 70ಕ್ಕೂ ಹೆಚ್ಚು ಸದಸ್ಯರಿದ್ದ ಪಕ್ಷಕ್ಕೆ ಐರ್ಲೆಂಡಿನಲ್ಲಿ ದಕ್ಕಿದ್ದು ಕೇವಲ 6 ಸ್ಥಾನ. ಏಳನೆಯವರು ಲಿವರ್‌ಪೂಲಿನ ಓಕಾನರ್. 1922ರಲ್ಲಿ ಐರಿಷ್ ಮುಕ್ತ ರಾಜ್ಯ ಉದಯಿಸಿತು. ಅವರು ನಾಲ್ಕು ದಶಕ ವಾದಿಸಿ ಕೇಳಿದ್ದಕ್ಕಿಂತ ಹೆಚ್ಚಿನದನ್ನು ಬೇರೆಯವರು ಬೇರೆ ದಾರಿಯಲ್ಲಿ ಪಡೆದಿದ್ದರು.

ಆಗ ಅವರು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಅವರನ್ನು ಆರಿಸಿದವರ ಕೂಲಿ, ವಸತಿ, ಶಾಲೆಯ ಪ್ರಶ್ನೆಗಳು ಡಬ್ಲಿನ್‌ನಲ್ಲಿ ಅಲ್ಲ, ಲಂಡನ್‌ನಲ್ಲೇ ಇತ್ಯರ್ಥವಾಗಬೇಕಿತ್ತು. ಮತದಾರರೂ ಕೈಬಿಡಲಿಲ್ಲ. 1918ರಿಂದ 1929ರವರೆಗಿನ ಐದೂ ಸಾರ್ವತ್ರಿಕ ಚುನಾವಣೆಗಳಲ್ಲಿ ಅವರು ಅವಿರೋಧವಾಗಿ ಆಯ್ಕೆಯಾದರು. ಸದನದ ಅತಿ ದೀರ್ಘ ಸೇವೆಯ ಸದಸ್ಯರೆಂಬ ಗೌರವವೂ ಸಂದಿತು. 1924ರ ಮೊದಲ ಲೇಬರ್ ಸರಕಾರ ಅವರನ್ನು ಪ್ರಿವಿ ಕೌನ್ಸಿಲಿಗೆ ನೇಮಿಸಿತು. 1916ರ ಕೊನೆಯಿಂದ ಚಲನಚಿತ್ರ ಸೆನ್ಸಾರ್ ಮಂಡಳಿಯ ಅಧ್ಯಕ್ಷರೂ ಆಗಿದ್ದ ಅವರು, ಚಿತ್ರಕ್ಕೆ ಕತ್ತರಿ ಹಾಕಲು 43 ಕಾರಣಗಳನ್ನು ಪಟ್ಟಿ ಮಾಡಿ ಹೇಳಿದ್ದರು!

1929ರ ನವೆಂಬರ್ 18ರಂದು ಓಕಾನರ್ ಲಂಡನ್‌ನಲ್ಲಿ ನಿಧನರಾದರು. ಕೆನ್ಸಲ್ ಗ್ರೀನ್‌ನ ಸಂತ ಮರಿಯ ಕಥೋಲಿಕ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಉಪಚುನಾವಣೆಯಲ್ಲಿ ಲೇಬರ್ ಪಕ್ಷದ ಡೇವಿಡ್ ಲೋಗನ್ ಅವಿರೋಧವಾಗಿ ಗೆದ್ದರು. ಅವರೂ ಹಿಂದೆ ಐರಿಷ್ ರಾಷ್ಟ್ರೀಯ ಪಕ್ಷದ ನಗರಸಭಾ ಸದಸ್ಯರೇ. 1964ರಲ್ಲಿ ತೀರಿಕೊಳ್ಳುವವರೆಗೂ ಸ್ಥಾನ ಅವರದ್ದೇ ಆಗಿತ್ತು.